ಕರೆದರೂ ಬಾರದ ಗೊಂಬೆಯಪ್ಪ

ಓಯ್, ಆ ಕಡೆ ಫುಟ್‌ಪಾತ್‌ನಲ್ಲಿ ಹೋಗ್ತಿರೋರೇ! ಒಂದ್ನಿಮಿಷ ನಿಲ್ರಪ್ಪಾ! ಇಯರ್‌ಫೋನ್ ಹಾಕ್ಕೊಳ್ಳಿ, ನಮ್ಮ ಹಸಿರಕ್ಕನ ಕಥೆ ಕೇಳ್ಕೊಂಡೇ ಹೋಗಿ.

ಹಸಿರಕ್ಕ ಅಂದರೆ ಗಿಡ ನೆಡುವವಳಲ್ಲ. ಊರೂರಲ್ಲಿ ಶಾಖೆಗಳಿರುವ ಒಂದು ಕಣ್ಣಾಸ್ಪತ್ರೆಯ ವೆಬ್‌ಸೈಟ್ ಕಾಯುವವಳು. ಅವಳ ಬಳಿ ಸುಳ್ಳು ರೋಗಿಗಳ ದಂಡೇ ಇತ್ತು. ಎಲ್ಲಾ ಸೈಟು ಸರಿಯಿದೆಯೇ ಎಂದು ಪರೀಕ್ಷಿಸುವ ಕಂಪ್ಯೂಟರ್ ಒಳಗಿನ ಗೊಂಬೆಗಳು. ಅವು ಬೇರೆ ಬೇರೆ ಊರುಗಳಿಂದ ಸೈಟಿಗೆ ಬಂದು, ಡಾಕ್ಟರನ್ನು ಆರಿಸಿ, ಸಮಯ ಬುಕ್ ಮಾಡಿ, ಮರುಕ್ಷಣ ಅದನ್ನು ರದ್ದುಮಾಡಿ ಹೋಗಬೇಕು. ಸರಾಗವಾದರೆ ಪರದೆಯಲ್ಲಿ ಹಸಿರು, ಎಡವಿದರೆ ಕೆಂಪು. ಕೆಂಪು ಕಂಡರೆ ಅವಳಿಗೆ ಅನ್ನ ಇಳಿಯದು. ಅದಕ್ಕೇ ಆಫೀಸಿನವರು ಆ ಹೆಸರಿಟ್ಟಿದ್ದು.

ಮೊದಲು ಗೊಂಬೆಗಳು ಬೆರಳೆಣಿಕೆಯಷ್ಟಿದ್ದವು. ಶಾಖೆಗಳು ಬೆಳೆದಂತೆ ಕುರಿಮಂದೆಯಾದವು. ಯಾವುದು ಯಾರದು, ಕೆಂಪಾದರೆ ಯಾರಿಗೆ ಹೇಳಬೇಕು, ಒಂದೂ ತಿಳಿಯದು. ಹಸಿರಕ್ಕ ಟೊಂಕ ಕಟ್ಟಿ ನಿಂತಳು. ಪ್ರತಿ ಗೊಂಬೆಗೂ ಊರು, ಕೆಲಸ, ಹೊಣೆಗಾರರು ಎಂದು ಗುರುತು ಹಚ್ಚಿದಳು. ಒಂದೊಂದನ್ನೂ ಕೈಯಲ್ಲಿ ತಿದ್ದುವ ಗೋಳು ಬೇಡವೆಂದು ಒಂದೇ ಅಚ್ಚು ಮಾಡಿ, ಅದರಿಂದಲೇ ಎಲ್ಲವನ್ನೂ ಎರಕ ಹೊಯ್ದಳು. ರೋಗಿಯ ಹೆಸರಿನ ಜಾಗದಲ್ಲಿ ತಮಾಷೆಗೆ ‘ಗೊಂಬೆಯಪ್ಪ’ ಎಂದು ಬರೆದಳು.

ಆಫೀಸಿನ ದೊಡ್ಡ ಸಾಹೇಬರು ಕೆಲಸ ನೋಡಲು ಬರುವ ದಿನವೇ ರದ್ದುಮಾಡುವ ಪುಟ ಆಮೆಯಂತೆ ತೆವಳಿ, ಪರದೆ ತುಂಬ ಕೆಂಪು. ನಾಳೆ ಸೇರಿಸಿದರಾಯಿತು ಎಂದುಕೊಂಡು ಅಚ್ಚಿನಿಂದ ಆ ಕೊನೆಯ ಹೆಜ್ಜೆಯನ್ನೇ ಕಿತ್ತುಹಾಕಿದಳು. ಪರದೆ ಹಸಿರೋ ಹಸಿರು. ಸಾಹೇಬರು ಶಹಭಾಸ್ ಎಂದರು. ಆ ಹಿಗ್ಗಿನಲ್ಲಿ ನಾಳೆಯ ಕೆಲಸ ಮರೆತೇಹೋಯಿತು.

ಇತ್ತ ಮನೆಯಲ್ಲಿ ಅವಳ ಅತ್ತೆ ಬಟ್ಟೆ ಹೊಲಿಯುವವರು. ಕಣ್ಣಿಗೆ ಪೊರೆ ಬಂದು ಸೂಜಿಯ ಕಣ್ಣೇ ಕಾಣದಾಗಿತ್ತು. ಹಳೆಯ ಗಿರಾಕಿಯೊಬ್ಬರು ತೋಳು ಸೊಟ್ಟಗಾಗಿದೆ ಎಂದು ಅಂಗಿ ವಾಪಸು ತಂದುಕೊಟ್ಟಿದ್ದರು. ದಿನಾ ಬೆಳಗ್ಗೆ ಅದೇ ಕಣ್ಣಾಸ್ಪತ್ರೆಯ ಬುಕಿಂಗ್ ತೆರೆಯುವ ಹೊತ್ತಿಗೆ ಅತ್ತೆ ಫೋನ್ ಹಿಡಿದು ಕೂತರೂ ಬರುತ್ತಿದ್ದದ್ದು ‘ಜಾಗವಿಲ್ಲ’.

“ನಮ್ಮ ಸೈಟಲ್ಲೇನೂ ಹುಳುಕಿಲ್ಲ ಅತ್ತೆ. ನಿಮಗೆ ಒತ್ತೋಕೆ ಬರಲ್ಲ ಅಷ್ಟೆ. ಹೊಲಿಗೆ ಮಿಷಿನ್ ತುಳಿದ ಹಾಗೆ ಫೋನ್ ತುಳೀಬೇಡಿ,” ಎಂದಿದ್ದಳು ಹಸಿರಕ್ಕ. ಗಂಡ, ನಾದಿನಿ ಇಬ್ಬರೂ ಬಿದ್ದುಬಿದ್ದು ನಕ್ಕರು. ಅತ್ತೆಯೂ ನಕ್ಕರು, ಫೋನನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು.

ಕೊನೆಗೆ ಒಂದು ದಿನ ಅತ್ತೆ ನೇರ ಆಸ್ಪತ್ರೆಗೇ ಹೋದರು. ಮಧ್ಯಾಹ್ನ ಮರಳಿದಾಗ ಹಸಿರಕ್ಕ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಉಣ್ಣುತ್ತಿದ್ದಳು. ಎದುರಿಗೆ ನಾದಿನಿ.

“ತೋರಿಸ್ಕೊಂಡ್ಯಾ ಅಮ್ಮಾ?” ಎಂದಳು ನಾದಿನಿ.

“ಎಲ್ಲಿ ತೋರಿಸ್ಕೊಳ್ಳೋದು! ಬುಕಿಂಗ್ ಇಲ್ದೆ ಒಳಗೇ ಬಿಡಲ್ವಂತೆ. ಕೌಂಟರ್ ಹುಡುಗಿ ಪಾಪ, ಗಂಟಲು ಹರ್ಕೊಂಡು ಕೂಗಿದ್ದೇ ಕೂಗಿದ್ದು. ‘ಗೊಂಬೆಯಪ್ಪಾ! ಗೊಂಬೆಯಪ್ಪ ಯಾರ್ರೀ?’ ಒಂದಾದ್ಮೇಲೊಂದು ಅದೇ ಹೆಸರು. ಆಸಾಮಿ ನಾಪತ್ತೆ! ಡಾಕ್ಟರು ಕಾದೂ ಕಾದೂ ಆಪರೇಷನ್‌ಗೆ ಎದ್ದುಹೋದ್ರು. ನನ್ನ ಪಕ್ಕ ಒಬ್ಬ ಮುದುಕಪ್ಪ ಕೂತಿದ್ರು, ಎರಡು ಬಸ್ ಬದಲಾಯಿಸಿ ಬಂದೋರು. ಗೋಡೆ ಸವರ್ಕೊಂಡೇ ವಾಪಸ್ ಹೋದ್ರು ಕಣೇ.”

“ಥೂ, ಮಾನ ಮರ್ಯಾದೆ ಇಲ್ದೋನು! ಅತ್ತಿಗೆ, ಇಂಥೋರನ್ನ ನಿಮ್ಮ ಸೈಟಲ್ಲಿ ಹಿಡಿಯಕ್ಕಾಗಲ್ವಾ?”

ಹಸಿರಕ್ಕ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಕಿವಿಯಿಂದ ಕುತ್ತಿಗೆಯವರೆಗೆ ಕೆಂಡ ಸುರಿದಂತಾಯಿತು. ಪರದೆ ಮಾತ್ರ ಹಸಿರಾಗಿ ಹಲ್ಲು ಕಿರಿಯುತ್ತಿತ್ತು. ಕೈ ತೊಳೆದವಳೇ ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆ ಸೇರಿದಳು. ಗೊಂಬೆಗಳನ್ನೆಲ್ಲ ನಿಲ್ಲಿಸಿ, ಗೊಂಬೆಯಪ್ಪನ ಹೆಸರಲ್ಲಿದ್ದ ಬುಕಿಂಗ್‌ಗಳನ್ನು ಶಾಖೆ ಶಾಖೆಯಾಗಿ ರದ್ದುಮಾಡುತ್ತ ಬಂದಳು. ಒಂದು ಕಡೆ ಬೆರಳು ತಡೆಯಿತು. ನಾಳೆ ಬೆಳಗಿನದು, ಒಳ್ಳೆಯ ಡಾಕ್ಟರು. ಇದನ್ನು ಅತ್ತೆಗೆ ಉಳಿಸಲೇ? ಗೋಡೆ ಸವರಿಕೊಂಡು ಹೋದ ಮುದುಕಪ್ಪ ಕಣ್ಣ ಮುಂದೆ ಬಂದರು. ಅದನ್ನೂ ಬಿಟ್ಟುಕೊಟ್ಟಳು.

ಆಮೇಲೆ ಸಾಹೇಬರಿಗೆ ಫೋನ್ ಹಚ್ಚಿದಳು.

“ಸಾರ್, ಜಾಗ ಇಲ್ಲ ಇಲ್ಲ ಅಂತ ಜನ ವಾಪಸ್ ಹೋಗಿದ್ದು ನನ್ನಿಂದ. ರದ್ದುಮಾಡೋ ಹೆಜ್ಜೆ ನಾನೇ ಕಿತ್ತುಹಾಕಿದ್ದೆ.”

“ಯಾಕಮ್ಮಾ?”

“ನಿಮಗೆ ಹಸಿರು ತೋರಿಸೋಕೆ, ಸಾರ್.”

ಸಾಹೇಬರು ಬೈಯದೆ ಫೋನ್ ಇಟ್ಟುಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅತ್ತೆ ಹೊಲಿಗೆ ಮಿಷಿನ್ ಮುಂದೆ ಸುಮ್ಮನೆ ಕೂತಿದ್ದರು. ಹಸಿರಕ್ಕ ನೆಲದ ಮೇಲೆ ಕೂತು, ತಲೆ ಎತ್ತದೆ ಎಲ್ಲವನ್ನೂ ಹೇಳಿದಳು. ಕೇಳಿ ಮುಗಿಸಿ ಅತ್ತೆ ಕನ್ನಡಕ ತೆಗೆದರು.

“ಅಂದ್ರೆ ಆ ಗೊಂಬೆಯಪ್ಪ ನಮ್ಮನೆಯವನೇ ಏನೇ?”

ಬಾಗಿಲಲ್ಲಿದ್ದ ನಾದಿನಿ ಕಿಸಕ್ಕೆಂದಳು. ಹಸಿರಕ್ಕನಿಗೆ ನಗು ಬರಲಿಲ್ಲ.

“ಹಾಗಾದ್ರೆ ನಾನು ಒತ್ತಿದ್ದು ಸರಿಯಾಗೇ ಇತ್ತು.”

“ಸರಿಯಾಗೇ ಇತ್ತು ಅತ್ತೆ. ತಪ್ಪಾಯ್ತು.”

“ನಂಗೆ ಹೇಳಿದ್ರೆ ಸಾಲದು. ಊಟಕ್ಕೆ ಕೂತಾಗ ನಿನ್ನ ಗಂಡನ ಮುಂದೇನೂ ಹೇಳು. ಅವತ್ತು ಅವನೂ ನಕ್ಕಿದ್ದ.”

ಎಂದವರೇ ಫೋನ್ ಮೂಗಿನ ಹತ್ತಿರ ಹಿಡಿದು, ಯಾರ ಸಹಾಯವೂ ಇಲ್ಲದೆ ಒಂದೊಂದೇ ಒತ್ತಿದರು. ಮುಂದಿನ ವಾರಕ್ಕೆ ಒಂದು ಜಾಗ ಸಿಕ್ಕಿತು.

ಊಟದ ಹೊತ್ತಿಗೆ ಹಸಿರಕ್ಕ ತಟ್ಟೆ ನೋಡುತ್ತಲೇ ಗಂಡನಿಗೆ ಹೇಳಿದಳು. ಅವನು ಅಮ್ಮನ ಮುಖ ನೋಡಲಾರದೆ ನೀರಿನ ಲೋಟಕ್ಕೆ ಕೈ ಹಾಕಿದ. ಅತ್ತೆ ಮಾತ್ರ ಎರಡನೇ ಸಲ ಅನ್ನ ಬಡಿಸಿಕೊಂಡರು.

ಪಾತ್ರೆ ತೊಳೆದಾದ ಮೇಲೆ ಹಸಿರಕ್ಕ ಹೊಲಿಗೆ ಡಬ್ಬಿ ತೆರೆದು ದೀಪದ ಕೆಳಗೆ ಕೂತಳು. ದಾರದ ತುದಿಯನ್ನು ನಾಲಗೆಯಲ್ಲಿ ಒದ್ದೆ ಮಾಡಿ, ಮುಂದಿನ ವಾರದವರೆಗೆ ಸಾಕಾಗುವಷ್ಟು ಸೂಜಿಗಳಿಗೆ ದಾರ ಪೋಣಿಸಿ, ಅತ್ತೆಯ ಕೈಗೆಟುಕುವಂತೆ ಒಂದು ಬಟ್ಟೆ ಚೂರಿಗೆ ಸಾಲಾಗಿ ಚುಚ್ಚಿಟ್ಟಳು.