ಗೋಡೆಗೆ ಅಂಟಿಸಿದ ಉತ್ತರ

ಕಂಪ್ಯೂಟರ್‌ಗಳ ವೈಟುಕೆ ದೋಷ ತಿದ್ದುವ ಕೆಲಸದ ಭರಾಟೆಯ ವರ್ಷ ಅದು. ಅಮೆರಿಕದ ಬ್ರಿಡ್ಜ್‌ವಾಟರ್‌ನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಮಗಳು ಶಾಲೆಗೆ ಪೋಸ್ಟರ್ ಮಾಡುತ್ತಿದ್ದಳು: ಗುಲಾಮಗಿರಿಯ ಜಗಳ ಅಮೆರಿಕವನ್ನು ಅಂತರ್ಯುದ್ಧಕ್ಕೆ ಹೇಗೆ ದೂಡಿತು ಎಂದು. ನಾನು ಸೊಂಟದ ಪೇಜರ್ ತೆಗೆದಿಟ್ಟು ಮೇಷ್ಟ್ರಾದೆ. ದಕ್ಷಿಣದಿಂದ ಓಡಿಬಂದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕೆಂಬ ಕಾನೂನು ಬಂದಾಗ ಉತ್ತರದವರು ಎಷ್ಟು ರೇಗಿದರೆಂದು ವಿವರಿಸಿದೆ.

"ಅಪ್ಪಾ, ಮನೇಲಿ ದೊಡ್ಡೋರನ್ನ ಕೇಳಿ ಬರೀಬೇಕು. ಹಾಗೆ ಓಡಿಬಂದೋರು ನಮ್ಮ ಡೋರ್ ತಟ್ಟಿದ್ರೆ ವಾಟ್ ವುಡ್ ಯು ಡು?"

"ಒಳಗೆ ಕರೆದು ಬಚ್ಚಿಡ್ತಿದ್ದೆ. ಅದನ್ನೂ ಕೇಳ್ಬೇಕಾ?"

ಮಾತು ಬಾಯಿಂದ ಬಿದ್ದ ಮೇಲೆ ಅವನು ನೆನಪಾದ. ಮಂಡ್ಯದ ಕಡೆಯ ನಮ್ಮ ಮನೆಯಲ್ಲಿ ಜೀತಕ್ಕಿದ್ದ ಆಳು, ನನ್ನ ಅಪ್ಪನ ವಯಸ್ಸಿನವನು. ಒಮ್ಮೆ ಹೆಂಡತಿಯನ್ನು ಕರೆದುಕೊಂಡು ಓಡಿಹೋದ. ಎಂಜಿನಿಯರಿಂಗ್ ಓದುತ್ತಾ ರಜೆಗೆ ಬಂದಿದ್ದ ನಾನೇ ಅವರನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದೆ. "ನಡಿಯೋ ಮನೆಗೆ" ಎಂದು ಗದರಿದೆ. ಅವನು ಬಟ್ಟೆಗಂಟು ಎತ್ತಿಕೊಂಡ. ಗಂಡ ಹೆಂಡತಿ ಇಬ್ಬರೂ ನನ್ನ ಸೈಕಲ್ಲಿನ ಹಿಂದೆ ನಡೆದು ಬಂದರು. ಅಂದು ಊಟಕ್ಕೆ ಕೂತಾಗ ಅಮ್ಮ ನನಗೆ ಎರಡು ಸಲ ತುಪ್ಪ ಬಡಿಸಿದಳು.

ಮಗಳಿಗೆ ಇದೊಂದನ್ನೂ ಹೇಳಲಿಲ್ಲ. ಹೇಳಬಹುದಿತ್ತು, ಅವಳ ಮುಂದೆ ಇಡೀ ಸಂಜೆ ಕೂತಿದ್ದೆ.

ಮುಂದಿನ ವಾರ ಶಾಲೆಗೆ ಹೋದರೆ ಪೋಸ್ಟರ್ ಗೋಡೆಯ ಮೇಲಿತ್ತು. ನಮ್ಮಪ್ಪ ಆಗ ಇದ್ದಿದ್ದರೆ ಓಡಿಬಂದವರನ್ನು ಬಚ್ಚಿಟ್ಟು ಕಾಪಾಡುತ್ತಿದ್ದರು ಎಂದು ಅದರಲ್ಲಿದ್ದ ಅಮೆರಿಕದ ನಕ್ಷೆಯ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದಳು. ಅದನ್ನು ಓದಿದ್ದ ಟೀಚರ್ ಬಂದು ನನ್ನ ಕೈ ಕುಲುಕಿದರು.

ನಾಚಿಕೆಗೆಟ್ಟ ನಾನು ಥ್ಯಾಂಕ್ಯೂ ಎಂದೆ.