ರಟ್ಟಿನಷ್ಟೂ ಬಾಳದ ತಟ್ಟೆ

ಇದನ್ನು ಬರೆಯಲು ಕೂತು ಎಷ್ಟು ಸಲ ಎದ್ದೆನೋ. ಕನ್ನಡಕ ಸಿಗಲಿಲ್ಲ ಅಂದೆ, ಪೆನ್ನು ಸರಿಯಿಲ್ಲ ಅಂದೆ, ಒಮ್ಮೆ ಕರೆಂಟ್ ಹೋಯಿತೆಂದು ಮಟಮಟ ಮಧ್ಯಾಹ್ನ ನೋಟ್‌ಬುಕ್ಕು ಮುಚ್ಚಿದೆ. ಈಗ ನೆಪಗಳೆಲ್ಲ ಮುಗಿದಿವೆ.

ಆ ನೇಕಾರರ ನೆನಪಾದರೆ ಮೊದಲು ಕಾಣುವುದು ಬಲಗೈ ಹೆಬ್ಬೆರಳಿನ ಉಗುರು. ಹಳದಿ ತಿರುಗಿದ ಗಟ್ಟಿ ಉಗುರು, ನಡುವೆ ಒಂದು ಸಣ್ಣ ಕಚ್ಚು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದ ಅವರು ಸಿಕ್ಕಾದ ಎಳೆಯನ್ನು ಆ ಕಚ್ಚಿಗೆ ಸಿಕ್ಕಿಸಿ ಬಿಡಿಸುತ್ತಿದ್ದರು. ಯಾವ ವಸ್ತು ಕೈಗೆ ಬಂದರೂ ಮೊದಲು ಅದರಿಂದ ಕೆರೆದು ನೋಡಬೇಕು. ಹೋಟೆಲಿನ ದೋಸೆಯನ್ನೂ ಕೆರೆದದ್ದನ್ನು ಕಂಡಿದ್ದೇನೆ. ಚಳ್ಳಕೆರೆಯಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ಮಾರುತ್ತಿದ್ದ ನಾನು ಅವರನ್ನು ಯಜಮಾನರೇ ಎನ್ನುತ್ತಿದ್ದೆ. ಅವರು ನನ್ನನ್ನು ಸಾವ್ಕಾರ್ರೇ ಎನ್ನುತ್ತಿದ್ದರು. ನಾನು ಸಾವುಕಾರನೇನಲ್ಲ, ಹತ್ತನೇ ಕ್ಲಾಸು ಪಾಸಾದ ಅಂಗಡಿಯವನು.

ಅವರು ನನ್ನಲ್ಲಿ ಖಾಲಿ ಕ್ಯಾಸೆಟ್ ಕೊಳ್ಳುತ್ತಿದ್ದದ್ದು ತಮ್ಮ ಅಕ್ಕನ ಹಾಡು ಹಿಡಿದಿಡಲಿಕ್ಕೆ. ಒಂದೇ ಮನೆಯಲ್ಲಿದ್ದ ಆ ಅಕ್ಕ ರಾಟೆಯಲ್ಲಿ ನೂಲು ಸುತ್ತುತ್ತಾ ಹಾಡುತ್ತಿದ್ದರು: ಒಂದು ಸಾಲು ಕನ್ನಡ, ಇನ್ನೊಂದು ತೆಲುಗು, ಮುಕ್ಕಾಲು ಪಾಲು ಬೀಗರನ್ನು ಆಡಿಕೊಳ್ಳುವ ಹಾಡು. ನೇಯುವಾಗ ಯಜಮಾನರಿಗೆ ಆ ಕ್ಯಾಸೆಟ್ಟೇ ಬೇಕು. "ಅಕ್ಕನ ಹಾಡು ಹಾಕಿದ್ರೆ ಲಾಳಿ ತಾನೇ ಓಡ್ತೈತೆ ರೀ. ಅಕ್ಕನೇ ಎದುರು ಕೂತ್ರೆ ಬರೀ ಬೈಗಳ, ಕೆಲ್ಸ ಸಾಗಲ್ಲ" ಎನ್ನುತ್ತಿದ್ದರು. ಹೀಗೆ ಇಪ್ಪತ್ತಮೂರು ಕ್ಯಾಸೆಟ್ ಆಗಿದ್ದವು.

ತೊಂಬತ್ತರ ದಶಕದ ಕೊನೆಗೆ ಒಂದು ದೊಡ್ಡ ಕಂಪನಿಯ ಹೊಸ ಮಿಷನ್ ನನ್ನ ಅಂಗಡಿಗೆ ಬಂತು. ಕ್ಯಾಸೆಟ್ಟಿನ ಬದಲು ಅದಕ್ಕೆ ತೂರಿಸುವುದು ಬಿಸ್ಕತ್ತಿನಷ್ಟಗಲದ ಚೌಕ ತಟ್ಟೆ. ಅದರ ಮೇಲೆ ರೆಕಾರ್ಡೂ ಮಾಡಬಹುದು. ಯಜಮಾನರು ತಟ್ಟೆಯನ್ನು ಕೆರೆದು ನೋಡಿ ಕೇಳಿದರು: "ಇದು ಬೇರೆ ಕಂಪ್ನಿ ಮಿಷನ್‌ನಾಗೂ ಹಾಡ್ತೈತಾ?"

"ಇಲ್ಲ. ಆದ್ರೆ ನಾಳೆ ಎಲ್ಲಾ ಕಂಪ್ನಿಯೋರೂ ಇದನ್ನೇ ಮಾಡ್ತಾರೆ. ನೂರು ವರ್ಷಕ್ಕೆ ಚಿಂತೆ ಇಲ್ಲ" ಎಂದೆ. ಈ ನೂರು ವರ್ಷ ಕಂಪನಿ ಹೇಳಿದ್ದಲ್ಲ, ನನ್ನ ಬಾಯಿಂದ ಬಂದದ್ದು. ಅವರು ಮಿಷನ್ ಕೊಂಡರು.

ಹದಿನೈದು ದಿನ ಅಂಗಡಿಯಲ್ಲೇ ಕೂತು ಇಪ್ಪತ್ತಮೂರೂ ಕ್ಯಾಸೆಟ್ಟುಗಳನ್ನು ತಟ್ಟೆಗಳಿಗೆ ಇಳಿಸಿಕೊಟ್ಟೆ. ಆಮೇಲೆ, "ಹಳೇ ಕ್ಯಾಸೆಟ್ ಮನೆಯಾಗಿದ್ರೆ ಬೂಷ್ಟು ಹಿಡಿದು ಮಿಷನ್‌ಗೂ ಹತ್ತುತ್ತೆ, ಇಲ್ಲೇ ಬಿಡ್ರಿ" ಎಂದೆ. ನಂಬಿ ಬಿಟ್ಟು ಹೋದರು. ನಾನು ಅವುಗಳ ಮೇಲೆ ಸಿನಿಮಾ ಹಾಡು ತುಂಬಿ ಮಾರಿಬಿಟ್ಟೆ. ತಳಕು ಊರಿನ ಗಿರಾಕಿಯೊಬ್ಬ ಒಂದನ್ನು ವಾಪಸ್ ತಂದ. "ಏನ್ರೀ ಇದು, ಡ್ಯೂಯೆಟ್ ಮುಗಿಯೋ ಹೊತ್ತಿಗೆ ಯಾರೋ ಅವ್ವ 'ಬೆಕ್ಕು ಹಾಲು ಕುಡೀತಲ್ಲೋ ಮುಟ್ಠಾಳ' ಅಂತಾಳೆ! ನನ್ನ ಹೆಂಡ್ತಿ ಅಡಿಗೆಮನೆಗೆ ಓಡಿದ್ಲು." ಅವನಿಗೆ ಬೇರೆ ಕ್ಯಾಸೆಟ್ ಕೊಟ್ಟು, ಉಳಿದಿದ್ದ ಅಕ್ಕನ ಆ ಒಂದು ಮಾತನ್ನೂ ಅಳಿಸಿದೆ.

ನಾಲ್ಕು ವರ್ಷಕ್ಕೆ ಮಿಷನ್ ಕೆಟ್ಟಿತು. ಕಂಪನಿಗೆ ಬರೆದರೆ ಉತ್ತರ ಬಂತು: ಆ ಮಾದರಿ ನಿಂತಿದೆ, ಬಿಡಿಭಾಗವಿಲ್ಲ, ಹೊಸ ಮಾದರಿ ಕೊಳ್ಳಿ. ಹೊಸ ಮಾದರಿಗೆ ತಟ್ಟೆ ತೂರಿಸುವ ಬಾಯೇ ಇರಲಿಲ್ಲ, ಬೇರೆ ಕಂಪನಿಯವರು ಅಂಥದ್ದನ್ನು ಮಾಡಲೇ ಇಲ್ಲ. ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಪ್ರತಿ ಸಲವೂ "ಮುಂದಿನ ತಿಂಗಳು ಕಂಪ್ನಿಯೋರು ಬರ್ತಾರೆ" ಎಂದೆ. ಯಜಮಾನರು ಪ್ರತಿ ತಿಂಗಳೂ ಮಿಷನ್ನನ್ನು ಸೀರೆ ಡಬ್ಬದಲ್ಲಿಟ್ಟುಕೊಂಡು ಬಸ್ಸಿಳಿದರು. ಒಂದು ದಿನ ಅವರು ಬರುವುದನ್ನು ಕಂಡು ಫ್ರಿಜ್ಜಿನ ಖಾಲಿ ರಟ್ಟಿನ ಪೆಟ್ಟಿಗೆಯ ಹಿಂದೆ ಕೂತೆ. ಅವರು ಎದುರಿನ ಸ್ಟೂಲಿನಲ್ಲಿ ಕೂತು ಪೆಟ್ಟಿಗೆಗೇ ಹೇಳಿದರು: "ಪೆಟ್ಟಿಗೆಯೋರೇ, ಸಾವ್ಕಾರ್ರು ಬಂದ್ರೆ ಹೇಳ್ರಿ, ಅವ್ರ ಚಪ್ಲಿ ಹೊರಗೈತೆ, ನಾಯಿ ಎಳ್ಕೊಂಡು ಹೋಗ್ತೈತೆ ಅಂತ."

ಕೊನೆಗೆ ಕಂಪನಿಯ ಪ್ರತಿನಿಧಿಯೊಬ್ಬ ಟೈ ಕಟ್ಟಿಕೊಂಡು ನಿಜವಾಗಿಯೂ ಬಂದ. ಆ ದಿನ ಯಜಮಾನರು ಮಿಷನ್ನಿನ ಜೊತೆ ತೂತು ಕೊರೆದ ರಟ್ಟುಗಳ ಒಂದು ಕಟ್ಟನ್ನೂ ತಂದಿದ್ದರು. ಮಗ್ಗದ ತಲೆಗೆ ಈ ರಟ್ಟು ಏರಿಸಿದರೆ ತೂತಿನ ಲೆಕ್ಕದಂತೆ ಎಳೆ ಎದ್ದು ಅಂಚಿನಲ್ಲಿ ಹೂವು ಮೂಡುತ್ತದೆ.

"ಇದು ನಮ್ಮಪ್ಪ ಕೊರೆಸಿದ್ದು" ಎಂದು ಕಟ್ಟನ್ನು ಆ ಹುಡುಗನ ಮುಂದಿಟ್ಟರು. "ಮಗ್ಗ ಮಾಡಿದ ಬಡಗಿ ಸತ್ತ, ಆ ಮಗ್ಗಾನೂ ಮುರೀತು. ಬೇರೆ ಬಡಗಿ ಮಗ್ಗಕ್ಕೂ ಇದು ಕೂತ್ಕಂತು, ಇವತ್ತೂ ಹೂವು ಬಿಡ್ತೈತೆ. ನಿಮ್ಮ ತಟ್ಟೆ ನಾಲ್ಕೇ ವರ್ಷಕ್ಕೆ ಯಾಕ್ರೀ ಮೂಕಾಯ್ತು?"

"ಟೆಕ್ನಾಲಜಿ ಮುಂದಕ್ಕೆ ಹೋಗ್ತಾ ಇರುತ್ತೆ ಸರ್."

"ಹೋಗ್ಲಿ ಬಿಡ್ರಿ, ಯಾರು ಬ್ಯಾಡ ಅಂದ್ರು? ನಮ್ಮಕ್ಕನ್ನ ಯಾಕೆ ಹೊತ್ಕಂಡು ಹೋಯ್ತು?"

ಹುಡುಗ ಟೈ ಸಡಿಲಿಸಿಕೊಂಡ. "ಹಳೇ ಕ್ಯಾಸೆಟ್ ಇದ್ರೆ ಕೊಡಿ ಸರ್, ಹೊಸದಕ್ಕೆ ಪುಕ್ಕಟೆ ಹಾಕಿಸ್ಕೊಡ್ತೀನಿ" ಎಂದ.

ಯಜಮಾನರ ಮುಖ ಅರಳಿತು. "ಅವೆಲ್ಲ ನಮ್ಮ ಸಾವ್ಕಾರ್ರ ಹತ್ರ ಭದ್ರ ಅವೆ!"

ಇಬ್ಬರೂ ನನ್ನ ಕಡೆ ತಿರುಗಿದರು. "ಗೆದ್ದಲು ತಿಂದುಬಿಟ್ವು" ಎಂದೆ.

ಯಜಮಾನರು ಅಂಗಡಿಯಲ್ಲಿ ಮಾರಲಿಟ್ಟಿದ್ದ ಒಂದು ಕ್ಯಾಸೆಟ್ ಕೈಗೆತ್ತಿಕೊಂಡು ಅದರ ಪ್ಲಾಸ್ಟಿಕ್ಕನ್ನು ಉಗುರಿನಿಂದ ಕೆರೆದರು. "ಚಳ್ಳಕೆರೆ ಗೆದ್ದಲಿಗೆ ಹಲ್ಲು ಬಾಳ ಗಟ್ಟಿ" ಎಂದಷ್ಟೇ ಹೇಳಿ ರಟ್ಟು ಕಟ್ಟಿಕೊಂಡು ಹೊರಟರು.

ಬಸ್ ನಿಲ್ದಾಣದವರೆಗೆ ಹಿಂದೆ ಓಡಿ, ಅಳಿಸಿ ಮಾರಿದೆನೆಂದು ಒಪ್ಪಿಕೊಂಡೆ. ತಪ್ಪಾಯಿತು ಅಂದೆ. ಅವರು ಬೆಕ್ಕಿನ ಕ್ಯಾಸೆಟ್ಟಿನ ಕಥೆ ಕೇಳಿ ನಕ್ಕುಬಿಟ್ಟರು. ಆಮೇಲೆ ಅಂದರು: "ನನ್ನ ಹತ್ರ ಹೇಳಿದ್ರೆ ಏನ್ ಬಂತು ಸಾವ್ಕಾರ್ರೇ? ಹಾಡಿದ್ದು ಅಕ್ಕ. ಅಲ್ಲಿಗ್ ಬಂದು ಹೇಳ್ರಿ."

ಮುಂದಿನ ಭಾನುವಾರ ಟೇಪ್ ರೆಕಾರ್ಡರ್, ಹೊಸ ಕ್ಯಾಸೆಟ್ ಹಿಡಿದು ಮೊಳಕಾಲ್ಮೂರಿಗೆ ಹೋದೆ. ಅಕ್ಕ ರಾಟೆಯ ಮುಂದಿದ್ದರು. ಅಷ್ಟರಲ್ಲಿ ಬಾಯಲ್ಲಿ ಉಳಿದದ್ದು ಎರಡೇ ಹಲ್ಲು. ಟೇಪನ್ನು ನೋಡಿ, "ಒಂದ್ಸಲ ಎಲ್ಲಾ ಹಾಡಿದ್ನಲ್ಲಪ್ಪಾ. ಅದನ್ನೆಲ್ಲಿ ಇಟ್ರಿ?" ಎಂದರು.

ನಾನು ಬಾಯಿ ತೆರೆದೆ. ಮುಚ್ಚಿಕೊಂಡು ಟೇಪಿನ ವೈರು ಬಿಡಿಸತೊಡಗಿದೆ. ಯಜಮಾನರು ನನ್ನ ಮುಖವನ್ನು ನೋಡಿ, "ಕಂಪ್ನಿಯೋರು ನುಂಗಿದ್ರು ಅಕ್ಕ" ಎಂದುಬಿಟ್ಟರು. ಅಕ್ಕ ಅರ್ಧ ಗಂಟೆ ಎರಡೂ ಭಾಷೆಯಲ್ಲಿ ಕಂಪನಿಯ ವಂಶವನ್ನೇ ತೊಳೆದರು. ನಾನು ಅವರು ಕೊಟ್ಟ ಚಹಾ ಕುಡಿಯುತ್ತಾ "ಹೌದು, ಕಳ್ಳರು" ಎಂದು ದನಿಗೂಡಿಸಿದೆ. ಅವರು ಹಾಡಲು ಕೂತರೂ ಹಲ್ಲಿನ ಸಂದಿಯಲ್ಲಿ ಸಿಳ್ಳೆ ಬಂತು. ತಾವೇ ನಕ್ಕು ನಿಲ್ಲಿಸಿದರು.

ಕೆಲವು ವರ್ಷಗಳ ನಂತರ ಯಜಮಾನರು ತೀರಿಕೊಂಡರು. ಮಣ್ಣಿಗೆ ಹೋದಾಗ ಅಕ್ಕ ನನ್ನ ಕೈ ಹಿಡಿದು, "ಕಂಪ್ನಿಯೋರು ಮೋಸ ಮಾಡಿದ್ರೂ ಸಾವ್ಕಾರ್ರು ಕೈಬಿಡ್ಲಿಲ್ಲ ಅಂತಿದ್ದನಪ್ಪಾ" ಎಂದರು. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೆ. ತಮ್ಮನಿಗಾಗಿ ಅಳುತ್ತಿದ್ದೇನೆಂದು ತಿಳಿದು ನನಗೆ ನೀರು ತರಿಸಿಕೊಟ್ಟರು. ಮರುವರ್ಷ ಅವರೂ ಇಲ್ಲವಾದರು.

ಯಜಮಾನರ ಮುಂದೆ ತಲೆ ತಗ್ಗಿಸಿದ್ದೆ, ಅವರು ನಕ್ಕು ಬಿಟ್ಟುಕೊಟ್ಟಿದ್ದರು. ತಪ್ಪಾಯಿತು ಎಂಬ ಒಂದು ಮಾತನ್ನು ನಾನು ಹೇಳದೇ ಉಳಿಸಿಕೊಂಡದ್ದು ಅವರ ಅಕ್ಕನಿಗೆ.