ಮೊಸಳೆ ನೋಡಲು ಹರಗೋಲು ಹತ್ತಿದ್ದು

ಎಂಬತ್ತರ ದಶಕದಲ್ಲಿ ದೇವದುರ್ಗದ ಕಡೆ ಕೃಷ್ಣೆಯ ಮೊಸಳೆ ನೋಡಲು ಹೋದ ನನಗೆ ಏನಾಯಿತು, ಹೇಳಿ ನೋಡೋಣ? ಜಾಲಹಳ್ಳಿಯಿಂದ ಮುಂದಕ್ಕೆ ದಂಡೆಗುಂಟ ಎತ್ತಿನ ಬಂಡಿ, ಇಲ್ಲವೇ ನೀರಿನ ಮೇಲೆ ಹರಗೋಲು.

“ಬಂಡ್ಯಾಗ ಹೋದ್ರ ನೀವು ಮೊಸಳಿ ನೋಡ್ತೀರಿ. ನನ್ನ ಹರಗೋಲದಾಗ ಬಂದ್ರ ಅವೇ ನಿಮ್ಮನ್ನ ನೋಡಾಕ ಬರ್ತಾವ!” ಅಂಬಿಗ ಕೆಣಕಿದ. ಮಾನಕ್ಕಂಜಿ ಹತ್ತಿ ಕುಳಿತೆ.

ನಡುನೀರಿನಲ್ಲಿ ಹರಗೋಲಿನ ತಳಕ್ಕೆ ಏನೋ ಧಡ್ಡನೆ ಬಡಿಯಿತು. ನನ್ನ ಮೊಣಕೈ ಪಕ್ಕದಲ್ಲೇ ಎರಡು ಕಣ್ಣು ಮೇಲೆದ್ದವು.

“ಯಪ್ಪಾ, ನನ್ನ ಕಥಿ ಮುಗೀತು!”

“ಅಲುಗಾಡಬ್ಯಾಡ್ರಿ ಸಾಹೇಬ್ರ. ನಮ್ಮ ಹೊಳಿ ಮೊಸಳಿನೂ ಶ್ರಾವಣ ಮಾಡ್ತಾವ, ಮಾಂಸ ಮುಟ್ಟಂಗಿಲ್ಲ.”

ಆ ಮಾತನ್ನೇ ನಂಬಿ ಉಸಿರು ಹಿಡಿದುಕೊಂಡು ದಂಡೆ ಸೇರಿದೆ. ಅಲ್ಲಿ ಮನೆಮನೆಯಿಂದಲೂ ಕೋಳಿಸಾರಿನ ವಾಸನೆ ಬರುತ್ತಿತ್ತು. ಆಗ ನೋಡಿ, ನಾನು ನೀರಿನಂಚು ಬಿಟ್ಟು ಓಟ ಕಿತ್ತಿದ್ದು! ಶ್ರಾವಣ ಹಿಂದಿನ ದಿನವೇ ಮುಗಿದಿತ್ತು. ಅವತ್ತು ಭಾದ್ರಪದ ಶುದ್ಧ ಪಾಡ್ಯ.